ತಂದವರು

ಕೀಲಿಗೊಂಚಲು ಇಲ್ಲಿದೆ, ತಗೋ ಸೆಲ್ವರಾಣಿ.
ಉದ್ದದ್ದು ಗಾಜಿನ ಬೀರುವಿಗೆ, ಹಿತ್ತಾಳೆಯದು ಸ್ಪಿರಿಟ್ ಇಡುವ ಕಪಾಟಿಗೆ,
ತುಕ್ಕು ಹಿಡಿದದ್ದು ಯಾವುದಕ್ಕೂ ಅಲ್ಲ.
ಮೂವತ್ತೊಂದು ವರ್ಷ ಅದನ್ನೂ ಹೊತ್ತಿದ್ದೇನೆ, ನೀನೂ ಹೊರು.

ಈಗ ಹಾವಸೆ ವಿಷಯ.
ಪಾಚಿ ಅನ್ನಬೇಡ.
ಫಿಲೋಮಿನಾ ಮೇಡಂ ಮುಂದೆ ಒಮ್ಮೆ ಹಾಗಂದು
ಅರ್ಧ ಗಂಟೆ ನಿಂತು ಕೇಳಿಸಿಕೊಂಡಿದ್ದೇನೆ:
ಪಾಚಿ ನೀರಿನದು, ಕಾಲು ಜಾರಿಸುವಂಥದ್ದು,
ಇದಕ್ಕೆ ಎಲೆ ಇದೆ ಪಿಳ್ಳಮ್ಮ,
ಬೇರಿನಂಥದ್ದೂ ಇದೆ, ಆದರೆ ಬೇರಲ್ಲ.
ಬೇರಲ್ಲದ ಬೇರಿನಲ್ಲಿ ಗೋಡೆ ಹಿಡಿದಿರುವುದು!
ನಮ್ಮ ವಠಾರ ನೆನಪಾಯಿತು.
ಹೇಳಲಿಲ್ಲ.

ಆಗಸ್ಟ್ ಕೊನೆಯ ವಾರ ಪ್ರಾಕ್ಟಿಕಲ್.
ಹಿಂದಿನ ಸಂಜೆಯೇ ಹೊರಡು.
ಮೊದಲು ಓವರ್‌ಹೆಡ್ ಟ್ಯಾಂಕಿನ ಕೆಳಗೆ ನೋಡು,
ಅಲ್ಲಿ ವಾಲ್ವು ಸೋರುತ್ತದೆ.
ಪ್ಲಂಬರನ್ನು ಕರೆಸಿ ಎಂದು ಪ್ರಿನ್ಸಿಪಾಲರು ಬರೆದ ಚೀಟಿ
ಮೂರು ಸಲ ನನ್ನ ಕೈಯಲ್ಲೇ ಕಳೆದುಹೋಗಿದೆ.
ಆ ಒಂದು ತೊಟ್ಟಿನಿಂದ
ವರ್ಷಕ್ಕೆ ಎಪ್ಪತ್ತು ಮಕ್ಕಳು ಪಾಸಾಗಿದ್ದಾರೆ.

ಅಲ್ಲಿ ಸಿಗದಿದ್ದರೆ ಸೈಕಲ್ ಸ್ಟ್ಯಾಂಡಿನ ಹಿಂದೆ,
ಗುಡಿಸಿದ ಎಲೆ ಸುಟ್ಟ ಜಾಗ.
ಬೂದಿಯ ಮೇಲೆ ಮೊದಲು ಬರುವುದೇ ಅದು,
ಗರಿಕೆಗಿಂತ, ತುಂಬೆಗಿಂತ ಮುಂಚೆ.
ಫ್ಯುನೇರಿಯಾ. ಬಾಯಿಗೆ ಬರದಿದ್ದರೆ ಪರವಾಗಿಲ್ಲ,
ಕಣ್ಣಿಗೆ ಬಿದ್ದರೆ ಸಾಕು.
ಗುಂಡುಸೂಜಿಯಷ್ಟು ಕಡ್ಡಿ, ತುದಿಗೆ ಬಗ್ಗಿದ ತಲೆ,
ರೇಷನ್ನಿಗೆ ಸರದಿ ನಿಂತು ನಿಂತು
ಎಲ್ಲರೂ ಚಪ್ಪಲಿ ನೋಡಿಕೊಳ್ಳುವ ಹಾಗೆ.
ಹತ್ತಿರ ಕೂತು ಬಿಸಿಯುಸಿರು ಬಿಡು,
ಒಣಗಿದ ಕಡ್ಡಿ ಮೆಲ್ಲನೆ ತಿರುಚು ಬಿಚ್ಚುತ್ತದೆ.
ಇದು ಪುಸ್ತಕದಲ್ಲಿದೆಯಂತೆ.
ನನಗೆ ಗೊತ್ತಾದದ್ದು ದಮ್ಮು ಹತ್ತಿದ ಒಂದು ದಿನ
ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಾಗ.

ಇನ್ನೊಂದು ಜಾತಿ ಇದೆ, ಸಿಲಬಸ್ಸಿನಲ್ಲಿ ಇಲ್ಲದ್ದು.
ಅದಕ್ಕಾಗಿ ಎಲ್ಲೂ ಹೋಗಬೇಕಿಲ್ಲ.
ಹಲಸೂರಿನ ಫುಟ್‌ಪಾತಿನ ಚಪ್ಪಡಿ ಸಂದು,
ಎಳನೀರಿನವನು ಕೊಚ್ಚಿದ ಬುರುಡೆ ನೀರು ಇಳಿಯುವಲ್ಲಿ,
ಬ್ಯಾಂಕಿನ ಏಸಿ ಪೈಪು
ಮೇ ತಿಂಗಳಲ್ಲೂ ತೊಟ್ಟಿಕ್ಕುವಲ್ಲಿ.
ಇಡೀ ಊರು ಮೇಲೆ ಓಡಾಡಿದರೂ
ಸಂದಿಗೆ ಯಾರ ಕಾಲೂ ಇಳಿಯುವುದಿಲ್ಲ.
ಒದ್ದೆಯಾದರೆ ಹಸಿರು, ಒಣಗಿದರೆ ಬೆಳ್ಳಿ,
ಸವೆದ ಕಾಲುಂಗುರದ ಬಣ್ಣ,
ಗಿರವಿ ಅಂಗಡಿಯಲ್ಲಿ ತೂಕಕ್ಕೆ ಬರದ ಬೆಳ್ಳಿ.
ಬಸ್ಸು ತಡವಾದ ದಿನಗಳಲ್ಲಿ
ನಾನು ನೋಡಿದ್ದು ಅದನ್ನೇ. ಇದನ್ನು ಯಾರೂ ಕೇಳುವುದಿಲ್ಲ,
ಸುಮ್ಮನೆ ಹೇಳಿದೆ.

ಇದನ್ನು ಮಾತ್ರ ಇನ್ನೊಬ್ಬರಿಗೆ ಹೇಳಬೇಡ.
ಮೇಡಂ ನಿವೃತ್ತರಾದ ಮಾರನೆಯ ದಿನ ಬೀರು ಒರೆಸುವಾಗ
ಹಿಂದಿನ ಸಾಲಿನಲ್ಲಿ ಒಂದು ಕಾಗದದ ಪೊಟ್ಟಣ.
ಮೇಲೆ ಅವರ ದುಂಡಕ್ಷರ: ತಾರೀಖು, ಜಾಗ,
ಅದರ ಕೆಳಗೆ ತಂದವರು: ಪಿಳ್ಳಮ್ಮ.
ಹಾಜರಿ ಪುಸ್ತಕ, ಸಂಬಳದ ಚೀಟಿ ಬಿಟ್ಟರೆ
ನನ್ನ ಹೆಸರು ಇಂಕಿನಲ್ಲಿ
ಬೇರೆಲ್ಲೂ ನೋಡಿರಲಿಲ್ಲ ನಾನು.
ಒಳಗೆ ಚಿಟಿಕೆ ನಶ್ಯದಂಥ ಪುಡಿ.
ಗಡಿಯಾರದ ಗಾಜಿನ ಮೇಲೆ ಹಾಕಿ
ಒಂದು ಹನಿ ನೀರು ಬಿಟ್ಟೆ.
ಎಲೆ ಬಿಡಿಸಿಕೊಂಡಿತು, ಹಸಿರಾಯಿತು.
ಜೀವ ಬಂದದ್ದೋ, ಬರೀ ನೀರು ಕುಡಿದು ಉಬ್ಬಿದ್ದೋ?
ಕೇಳೋಣವೆಂದರೆ ಮೇಡಂ ಊರಲ್ಲಿರಲಿಲ್ಲ.
ಆಮೇಲೆ ಕೇಳಬೇಕೆನ್ನಿಸಲಿಲ್ಲ.

ಈ ಸಲ ಕಾಂಪೌಂಡಿಗೆ ಪೇಂಟು ಹೊಡೆಸುತ್ತಾರಂತೆ,
ನೀರೇ ಹೀರದ ಹೊಸ ನಮೂನೆಯದು.
ಹೊಡೆಯಲಿ. ಗೋಡೆಗೆ ಇನ್ನೊಂದು ಬೆನ್ನಿದೆ,
ಮೋರಿ ಕಡೆಯದು,
ಅಲ್ಲಿಗೆ ಕಂಟ್ರಾಕ್ಟರನ ಬ್ರಷ್ಷು ಬರುವುದಿಲ್ಲ.

ಚಾಕು ಬೇಡ. ಚಮಚದ ತುದಿಯಿಂದ
ಮಣ್ಣು ಸಮೇತ ಎಬ್ಬಿಸು, ಅರ್ಧ ಅಲ್ಲೇ ಬಿಡು.
ಪೊಟ್ಟಣ ಮಡಿಸುವುದು ಹುರಿಗಡಲೆಯವರ ಹಾಗೆ.
ತಾರೀಖು ಬರೆ, ಜಾಗ ಬರೆ.
ತಂದವರು ಎಂಬಲ್ಲಿ ಹೆಸರು
ಪೂರ್ತಿ ಬರೆ, ಇನಿಷಿಯಲ್ ಸೇರಿಸಿ.
ಪೆನ್ನು ಡ್ರಾಯರಿನಲ್ಲಿದೆ,
ಎರಡು ಸಲ ಕುಟ್ಟಿದರೆ ಬರೆಯುತ್ತದೆ.